ಕಾಂಗ್ರೆಸ್ ಕಸಕ್ಕೆ ದಾರದ ತಲೆ

ಕಸ ಕಡಿಯುವ ಆ ಮಷೀನಿನ ಜೊತೆ ಮೂರು ತಲೆಗಳು ಬಂದಿದ್ದವು. ಒಂದಕ್ಕೆ ನೈಲಾನ್ ದಾರ, ಇನ್ನೊಂದಕ್ಕೆ ಮೂರು ಎಸಳಿನ ಉಕ್ಕಿನ ಬ್ಲೇಡು, ಮತ್ತೊಂದು ಸುತ್ತಲೂ ಹಲ್ಲಿರುವ ಚಕ್ರ, ಕಟ್ಟಿಗೆ ಅಡ್ಡೆಯ ಗರಗಸದ ಮರಿಯ ಹಾಗೆ. ಎಂಬತ್ತರ ದಶಕದ ನಡುವಿನ ಮಾತು. ಇಳಕಲ್ಲಿನ ಹೊರಗೆ ಒಂದು ಕಲ್ಲಿನ ಖಣಿಯಲ್ಲಿ ನಾನು ಕೆಲಸಕ್ಕಿದ್ದೆ, ಅಲ್ಲಿಯ ಸಾಮಾನಿನ ಕೋಣೆಯ ಕೀಲಿ ನನ್ನ ಸೊಂಟದಲ್ಲಿರುತ್ತಿತ್ತು. ಯಾವ ಕಸಕ್ಕೆ ಯಾವ ತಲೆ ಹಾಕಬೇಕು ಎಂಬುದು ಆ ಖಣಿಯಲ್ಲಿ ನನ್ನಷ್ಟು ಚೆನ್ನಾಗಿ ಇನ್ನಾರಿಗೂ ಗೊತ್ತಿರಲಿಲ್ಲ. ಅಷ್ಟು ಗೊತ್ತಿದ್ದೂ ಒಂದು ದಿನ ಬೇಕೆಂದೇ ತಪ್ಪು ತಲೆಯನ್ನು ಕೊಟ್ಟೆ.

ಯಾಕೆ ಕೊಟ್ಟೆ ಎಂದು ಹೇಳಬೇಕಾದರೆ ಏಳೆಂಟು ವರ್ಷ ಹಿಂದೆ ಹೋಗಬೇಕು.

ನಾವು ಬೀರಪ್ಪನ ಒಕ್ಕಲು. ನಮ್ಮಪ್ಪ ಕುರಿ ಕಾಯುತ್ತಿದ್ದ. ಹುನಗುಂದದ ಕಡೆಯ ನಮ್ಮ ಊರಿನ ಹಿಂದಿನ ಗುಡ್ಡ ಅವನಿಗೆ ಅಂಗೈ ಇದ್ದ ಹಾಗೆ. ಎಲ್ಲಿ ಕರಕಿ ಬೇಗ ಚಿಗುರುತ್ತದೆ, ಎಲ್ಲಿ ಬಳ್ಳಾರಿ ಜಾಲಿಯ ಕಾಯಿ ಮೊದಲು ಉದುರುತ್ತದೆ, ಯಾವ ಎಲೆ ತಿಂದರೆ ಮರಿಗಳ ಹೊಟ್ಟೆ ಉಬ್ಬುತ್ತದೆ, ಎಲ್ಲ ಅವನು ಹೇಳಿ ಕೊಟ್ಟದ್ದು. ಏಳನೇ ಇಯತ್ತೆ ಮುಗಿಸಿ ಸಾಲಿ ಬಿಟ್ಟ ಮೇಲೆ ನಾನು ದಿನವೂ ಅವನಿಗೆ ರೊಟ್ಟಿ ಒಯ್ಯುತ್ತಿದ್ದೆ. ಅವನು ಉಂಡು ಏಳುವ ತನಕ ಕುರಿ ನನ್ನ ಪಾಲಿಗೆ.

ಅಪ್ಪನಿಗೆ ಒಂದು ಕರಿ ಕಂಬಳಿ ಇತ್ತು, ಅವನ ಅಪ್ಪ ನೂತ ನೂಲಿನದು. ನಮ್ಮಲ್ಲಿ ದೇವರ ಕಾರ್ಯ ಎಂದರೆ ಮೊದಲು ಕಂಬಳಿ ಹಾಸುತ್ತಾರೆ. ಅದರ ಮೇಲೆ ಭಂಡಾರದ ಅರಿಸಿನ ಬಿದ್ದ ಮೇಲೆ ಅದು ಬರೀ ಕಂಬಳಿಯಲ್ಲ, ಗದ್ದುಗೆ. ಚಪ್ಪಲಿ ಕಾಲಿನಿಂದ ಅದನ್ನು ಮೆಟ್ಟುವಂತಿಲ್ಲ. ನಮ್ಮ ಮನೆಯ ದೇವರ ಕಾರ್ಯಕ್ಕೆ ಆ ಕಂಬಳಿಯೇ ಆಗಬೇಕಿತ್ತು. ಉಳಿದ ದಿನ ಅದು ಅಪ್ಪನ ಹೆಗಲ ಮೇಲೆ.

ಎಪ್ಪತ್ತರ ದಶಕ ಮುಗಿಯುತ್ತಾ ಬಂದಾಗ ಗುಡ್ಡದಲ್ಲಿ ಕೆಂಪು ಕಲ್ಲು ಇದೆ ಎಂದು ಜೀಪುಗಳು ಬರತೊಡಗಿದವು. ಒಂದು ಮಧ್ಯಾಹ್ನ ನಾನು ರೊಟ್ಟಿ ಗಂಟು ಹೊತ್ತು ಹೋದಾಗ ಒಂದು ಜೀಪಿನ ಗಾಲಿ ಮೊರಡಿಯ ಕೆಸರಿನಲ್ಲಿ ಸಿಕ್ಕಿಬಿದ್ದಿತ್ತು. ಅಪ್ಪ ಕುರಿ ಬಿಟ್ಟು ಬಂದು, ಗಾಲಿಯ ಕೆಳಗೆ ಕಲ್ಲು ಕೊಟ್ಟು, ಡ್ರೈವರನ ಜೊತೆ ಹೆಗಲು ಹಚ್ಚಿ ಎತ್ತಿಸಿದ. ಜೀಪಿನಿಂದ ಇಳಿದವನು ಖಣಿಯ ಮ್ಯಾನೇಜರು, ಬಿಳಿ ಅಂಗಿ, ಬಾಗಲಕೋಟೆ ಕಡೆಯವನು. ಅವನೂ ಗಾಲಿಗೆ ಕೈ ಹಾಕಿದ್ದರಿಂದ ಕೈಗೆಲ್ಲ ಗ್ರೀಸು, ಮಸಿ. ದಣಿದು ನಿಂತಿದ್ದಾನೆ ಎಂದು ಅಪ್ಪ ಬಂಡೆಯ ಮೇಲೆ ಕಂಬಳಿ ಹಾಸಿ, "ಕುಂದರ್ರಿ ಸಾಹೇಬ್ರ" ಅಂದ.

ಅವನು ಕೂಡಲಿಲ್ಲ. ಬಗ್ಗಿ ಕಂಬಳಿಯ ಒಂದು ಅಂಚು ಎತ್ತಿಕೊಂಡು ಕೈ ಒರಸಿಕೊಂಡ. ಬೆರಳ ಸಂದಿ ಸಂದಿ ಒರಸಿದ. ಆಮೇಲೆ ಅದನ್ನೇ ನೆಲಕ್ಕೆ ಎಳೆದು ಬೂಟಿನ ಕೆಸರು ತಿಕ್ಕಿದ. ಡ್ರೈವರನ ಕಡೆ ತಿರುಗಿ, "ಒರಸಾಕ ಭಾಳ ಚಲೋ ಐತಿ ನೋಡಲೇ" ಅಂದ. ಡ್ರೈವರ್ ನಕ್ಕ. ಜೀಪು ಹೋಯಿತು.

ಅಪ್ಪ ಕಂಬಳಿ ಎತ್ತಿ ಝಾಡಿಸಿದ. ನನ್ನ ಮುಖ ನೋಡಲಿಲ್ಲ. ಅವತ್ತು ರೊಟ್ಟಿಯನ್ನೂ ತಿನ್ನಲಿಲ್ಲ. ಮನೆಗೆ ಬಂದು ಬೂದಿ ಹಚ್ಚಿ ತೊಳೆದ, ಅಂಟುವಾಳ ಹಚ್ಚಿ ತೊಳೆದ. ಉಣ್ಣೆಯಲ್ಲಿ ಇಳಿದ ಗ್ರೀಸು ಹೋಗಲಿಲ್ಲ. ಆ ವರ್ಷ ದೇವರ ಕಾರ್ಯಕ್ಕೆ ನಮ್ಮ ಕಾಕಾನ ಮನೆಯಿಂದ ಕಂಬಳಿ ಇಸಕೊಂಡು ಬಂದರು. "ನಮ್ಮದು ಐತೆಲ್ಲ?" ಎಂದು ಅವ್ವ ಕೇಳಿದ್ದಕ್ಕೆ ಅಪ್ಪ, "ಅದು ಒರಸೋ ಅರಿವಿ ಆಗೇತಿ ಬಿಡ" ಅಂದ. ಆ ಮಾತು ಹೇಳುವಾಗ ಅವನ ದನಿ ಹೇಗಿತ್ತು ಎಂದು ಬರೆಯಲು ನನಗೆ ಇವತ್ತಿಗೂ ಬರುವುದಿಲ್ಲ. ಆವಾಗ ನನಗೆ ಹದಿನೇಳು ವರ್ಷ. ಆ ಮನುಷ್ಯನ ಕೈಗಳನ್ನು ನೆನೆದು ನೆನೆದು ಹಲ್ಲು ಕಡಿಯುತ್ತಿದ್ದೆ.

ಗುಡ್ಡಕ್ಕೆ ಬೇಲಿ ಬಿತ್ತು. ಮೇಯಿಸಲು ಜಾಗವಿಲ್ಲದೆ ಅಪ್ಪ ಅರ್ಧ ಕುರಿಗಳನ್ನು ಅಮೀನಗಡದ ಸಂತೆಗೆ ಹೊಡೆದ. ನಾನು ಕೆಲಸ ಹುಡುಕಿಕೊಂಡು ಅದೇ ಖಣಿಗೆ ಹೋದೆ. ಜನ ಕೇಳುತ್ತಾರೆ, ಅಲ್ಲಿಗೇ ಯಾಕೆ ಹೋದೆ ಎಂದು. ಹತ್ತಿರ ಇದ್ದ ಕೆಲಸ ಅದೊಂದೇ ಎಂಬುದು ಅರ್ಧ ಖರೆ. ಉಳಿದರ್ಧ, ನನಗೆ ಅವನ ಹತ್ತಿರ ಇರಬೇಕಾಗಿತ್ತು. ಏನು ಮಾಡುತ್ತೇನೆ ಎಂದು ಗೊತ್ತಿರಲಿಲ್ಲ. ಆದರೆ ದೂರದಲ್ಲಿದ್ದರೆ ಏನೂ ಆಗುವುದಿಲ್ಲ ಎಂಬುದು ಗೊತ್ತಿತ್ತು.

ಮೊದಲ ದಿನ ಮ್ಯಾನೇಜರು ಕೇಳಿದ: "ಯಾರ ಮಗಳು ನೀ?"

ಅಪ್ಪನ ಹೆಸರು ಹೇಳಿದೆ. ಊರು ಹೇಳಿದೆ. ಗುಡ್ಡದ ಮೇಲೆ ಕುರಿ ಕಾಯುವವನು ಅಂದೆ.

"ಹೂಂ, ಕುಡಗೋಲು ತಂದೀಯೇನು?" ಅಂದ. ಅಷ್ಟೇ. ಮುಖದಲ್ಲಿ ಒಂದು ಗೆರೆಯೂ ಅಲುಗಲಿಲ್ಲ.

ಕಲ್ಲು ಒಡೆಯುವ ಮುಂಚೆ ಬಂಡೆಯ ಮೇಲಿನ, ಸುತ್ತಲಿನ ಗಿಡಗಂಟಿ ತೆಗೆಯಬೇಕು. ಅದಕ್ಕೆ ನಾವು ಎಂಟು ಹೆಂಗಸರು. ಓದು ಬರಹ ಬರುತ್ತದೆ ಎಂದು ಎರಡು ವರ್ಷದ ಮೇಲೆ ಸಾಮಾನಿನ ಕೋಣೆಯ ಕೀಲಿ ನನಗೆ ಕೊಟ್ಟರು. ಮಷೀನು ಬಂದದ್ದು ಆಮೇಲೆ. ಕಲ್ಲು ಕೊಳ್ಳುವ ಪರದೇಶದ ಗಿರಾಕಿಯ ಕೈಯಲ್ಲಿ ಮಾಲಕರು ತರಿಸಿದ್ದು. ಉದ್ದನೆಯ ಕೊಳವೆ, ಹಿಂದೆ ಸಣ್ಣ ಎಂಜಿನ್, ಹೆಗಲಿಗೆ ಹಾಕಿಕೊಳ್ಳುವ ಪಟ್ಟಿ, ಕಟ್ಟಿಗೆ ಪೆಟ್ಟಿಗೆಯಲ್ಲಿ ಆ ಮೂರು ತಲೆಗಳು, ಒಂದು ಚಿತ್ರದ ಪುಸ್ತಕ. ಬರೆದದ್ದು ಯಾವ ಭಾಷೆಯೋ, ನಮಗೆ ಚಿತ್ರವೇ ಗತಿ.

ಎಂಜಿನ್ ನೋಡಿಕೊಳ್ಳಲು ಒಬ್ಬ ವಯಸ್ಸಾದ ಮಿಸ್ತ್ರಿ ಇದ್ದರು. ನನ್ನನ್ನು ತಂಗಿ ಎಂದು ಕರೆಯುತ್ತಿದ್ದರು. ಅವರಿಗೆ ಎಂಜಿನ್ ಗೊತ್ತು, ಗಿಡ ಗೊತ್ತಿಲ್ಲ. ನನಗೆ ಗಿಡ ಗೊತ್ತು. ಇಬ್ಬರೂ ಸೇರಿ ತಪ್ಪು ಮಾಡುತ್ತಾ ಕಲಿತೆವು. ಗಟ್ಟಿ ಕಾಂಡದ ತಂಗಡಿ ಗಿಡಕ್ಕೆ ದಾರ ಹಾಕಿದೆವು, ದಾರ ಹರಿದು ಹಾರಿತು, ಗಿಡದ ಸಿಪ್ಪೆಯೂ ಸುಲಿಯಲಿಲ್ಲ. ಎತ್ತರದ ಹುಲ್ಲಿಗೆ ಹಲ್ಲಿನ ಚಕ್ರ ಹಾಕಿದೆವು, ಹುಲ್ಲು ಕಡಿಯುವ ಬದಲು ದಂಡಿಗೆ ಸುತ್ತಿಕೊಂಡು ಎಂಜಿನ್ ನಿಂತಿತು. ಹೆಬ್ಬೆರಳಿಗಿಂತ ದಪ್ಪ ಜಾಲಿಗೆ ಮೂರೆಸಳಿನ ಬ್ಲೇಡು ಹಾಕಿದ ದಿನವಂತೂ ಅದು ಒದ್ದ ರಭಸಕ್ಕೆ ಮಿಸ್ತ್ರಿ ಹಿಂದಕ್ಕೆ ಬಿದ್ದರು. "ಹೋರಿ ಒದ್ದಂಗ ಒದಿತಲ್ಲ ತಂಗಿ ಇದು!" ಎಂದು ಕೂತಲ್ಲೇ ಬೆವರು ಒರಸಿಕೊಂಡರು. ಬ್ಲೇಡಿನ ಬಲಗಡೆಯ ಮೂತಿ ಗಟ್ಟಿ ಕಾಂಡಕ್ಕೆ ತಾಗಿದರೆ ಒದೆಯುತ್ತದೆ, ಎಡಗಡೆಯಿಂದ ಕೊಟ್ಟರೆ ಕಡಿಯುತ್ತದೆ ಎಂದು ಆವತ್ತು ತಿಳಿಯಿತು. ಚಿತ್ರದ ಪುಸ್ತಕದಲ್ಲಿಯೂ ಅದೇ ಇತ್ತು, ನಾವು ನೋಡಿರಲಿಲ್ಲ.

ಒಂದು ಮಳೆಗಾಲ ಮುಗಿಯುವುದರೊಳಗೆ ನನ್ನ ಲೆಕ್ಕ ಪಕ್ಕಾ ಆಯಿತು. ಕಲ್ಲಿನ ಮಗ್ಗುಲಿನ ಕರಕಿ, ಎಳೆ ಹುಲ್ಲು, ಇವಕ್ಕೆ ದಾರ. ಕಲ್ಲಿಗೆ ಬಡಿದರೂ ದಾರ ಸವೆಯುತ್ತದೆಯೇ ಹೊರತು ಕಲ್ಲಿಗೂ ಏನಾಗದು, ಮಷೀನಿಗೂ ಏನಾಗದು. ಎದೆಮಟ್ಟ ಬೆಳೆದ ಹುಲ್ಲಿಗೆ, ಮೆತ್ತನೆ ಕಾಂಡದ ಕಸಕ್ಕೆ ಮೂರೆಸಳು. ಜಾಲಿಗೆ, ತಂಗಡಿಗೆ ಹಲ್ಲಿನ ಚಕ್ರ, ಅದೂ ಬುಡದಲ್ಲಿ, ಎಡಗಡೆಯಿಂದ. ಪಾಪಸ್ ಕಳ್ಳಿಗೆ ಮಾತ್ರ ಮಷೀನು ಬೇಡ. ಅದನ್ನು ಕೈಯಿಂದಲೇ, ಉದ್ದನೆ ಕೋಲಿಗೆ ಕಟ್ಟಿದ ಕುಡಗೋಲಿನಿಂದ.

ಉಳಿದದ್ದು ಕಾಂಗ್ರೆಸ್ ಕಸ. ಬಿಳಿ ಸಣ್ಣ ಹೂ ಬಿಟ್ಟು, ರಸ್ತೆಯ ಎರಡೂ ಕಡೆ ಸೊಕ್ಕಿ ಬೆಳೆಯುವ ಆ ಕಸ ಎಲ್ಲರಿಗೂ ಗೊತ್ತು. ಮೆತ್ತಗಿದೆ ಎಂದು ಮಿಸ್ತ್ರಿ ಒಮ್ಮೆ ಅದಕ್ಕೆ ದಾರ ಹಾಕಿದರು. ದಾರ ಕಡಿಯುವುದಿಲ್ಲ, ಬಡಿಯುತ್ತದೆ. ಗಿಡ ನುಚ್ಚುನೂರಾಗಿ ಹಸಿರು ರಸ ಕೈತುಂಬ ಸಿಡಿಯಿತು. ಹತ್ತು ಹೆಜ್ಜೆ ಜಾಗಕ್ಕೇ ಅವರ ಮೊಣಕೈ ತನಕ ಗುಳ್ಳೆ ಎದ್ದು, ಎಂಟು ದಿನ ಕೆರೆದುಕೊಂಡರು. ನಮ್ಮ ಹೆಂಗಸರಲ್ಲಿ ಒಬ್ಬಳಿಗಂತೂ ಬರೀ ಅದರ ಹತ್ತಿರ ಕೂತರೆ ಸೀನು. ಆಮೇಲೆ ನಾನು ನೇಮ ಮಾಡಿದೆ: ಕಾಂಗ್ರೆಸ್ ಕಸ ಎಂದರೆ ಮೂರೆಸಳು, ಬುಡದಲ್ಲಿ ಒಂದೇ ಏಟು, ಗಿಡ ಇಡಿಯಾಗಿ ಮಲಗಬೇಕು. ಮುಖಕ್ಕೆ ಬಟ್ಟೆ, ತೋಳು ತುಂಬ ಅಂಗಿ. ಅದೂ ಹೂ ಬಿಡುವ ಮೊದಲೇ.

ಮುಂದಿನ ವರ್ಷ ಮಳೆ ಬಿಡುವು ಕೊಡದೆ ಸುರಿದು, ಹೊತ್ತಿಗೆ ಕಡಿಯಲಾಗದೆ, ಆಫೀಸಿನ ಮುಂದಿನ ದಾರಿಯಲ್ಲಿ ಕಾಂಗ್ರೆಸ್ ಕಸ ಎದೆಮಟ್ಟ ನಿಂತಿತ್ತು, ಪೂರ್ತಿ ಹೂವಾಗಿ. ಮಾಲಕರು ಪರದೇಶದ ಗಿರಾಕಿಯನ್ನು ಕರಕೊಂಡು ಬರುವವರಿದ್ದರು. ಬೆಳಿಗ್ಗೆ ಮ್ಯಾನೇಜರು ಸಾಮಾನಿನ ಕೋಣೆಗೆ ಬಂದ. ಇಸ್ತ್ರಿ ಮಾಡಿದ ಬಿಳಿ ಅಂಗಿ.

"ಇವತ್ತ ಮಷೀನ್ ನಾನ ನಡಸ್ತೇನಿ. ಗಿರಾಕಿಗೆ ತೋರಸ್ಬೇಕು, ಫೋಟೋ ತಗಿಯಾವ ಬರ್ತಾನು. ದಾರೀದು ಎಲ್ಲಾ ಹೊಡಿಬೇಕು. ಯಾವುದು ಹಾಕ್ಬೇಕು?"

ಮೂರು ತಲೆಗಳೂ ಗೋಡೆಯ ಮೊಳೆಗೆ ತೂಗುತ್ತಿದ್ದವು. ಎಣ್ಣೆ ಹಚ್ಚಿ ಒರಸಿ ನಾನೇ ತೂಗುಹಾಕಿದ್ದು. ನನ್ನ ಕೈ ಮೊದಲು ಮೂರೆಸಳಿನ ಕಡೆಗೆ ಹೋದದ್ದು ಖರೆ. ರೂಢಿ. ಅಷ್ಟರಲ್ಲಿ ಅವನು ಮೇಜಿನ ಮೇಲಿದ್ದ ಅರಿವೆ ತುಂಡೊಂದನ್ನು ಎತ್ತಿ, ಮಾತಾಡುತ್ತಲೇ ಬೆರಳು ಒರಸಿಕೊಳ್ಳತೊಡಗಿದ. ಸಂದಿ ಸಂದಿ. ನಾನು ಕೈ ಹಿಂದೆ ತೆಗೆದೆ.

"ದಾರದ್ದು ಹಾಕೋರಿ ಸಾಹೇಬ್ರ," ಅಂದೆ. "ಹಗುರ ಐತಿ. ನೋಡಾಕೂ ಚಂದ."

ಬಾಗಿಲಲ್ಲಿ ನಿಂತಿದ್ದ ಮಿಸ್ತ್ರಿ ತಲೆ ಎತ್ತಿದರು. "ತಂಗಿ, ಕಾಂಗ್ರೆಸ್ಸಿಗೆ..." ಎಂದು ಶುರು ಮಾಡಿದರು. ನಾನು ಅವರನ್ನು ನೋಡಿದೆ. ಹೇಗೆ ನೋಡಿದೆನೋ, ಅವರು ಬಾಯಿ ಮುಚ್ಚಿಕೊಂಡರು.

"ತೋಳು ಮ್ಯಾಲಕ್ಕ ಏರಸ್ಕೋರಿ, ಎಂಜಿನ್ ಶಕಿ ಭಾಳ ಇರ್ತೈತಿ," ಅಂದೆ.

"ಕಣ್ಣಿಗೆ ಏನರ ಬೇಕೇನು?"

"ಹಾಕ್ಕೊಂಡ್ರ ಫೋಟೋದಾಗ ಮಾರಿ ಕಾಣಂಗಿಲ್ರಿ."

ಅವನು ನಕ್ಕ. "ಶಾಣ್ಯಾಕಿ ಅದಿ" ಅಂದ.

ನಾನೇ ದಾರದ ತಲೆಯನ್ನು ಕೂಡಿಸಿ, ತಿರುವಿ ಬಿಗಿಮಾಡಿ ಕೊಟ್ಟೆ.

ಮಾಲಕರ ಕಾರು ಬಂತು. ಮ್ಯಾನೇಜರು ಪಟ್ಟಿ ಹಾಕಿಕೊಂಡು ಕಸದೊಳಗೆ ಇಳಿದ. ಎಂಜಿನ್ ಕೂಗಿತು, ಹಸಿರು ಹೊಗೆಯ ಹಾಗೆ ರಸ ಎದ್ದಿತು. ಅವನು ಅದನ್ನು ಶಕ್ತಿ ಎಂದುಕೊಂಡಿರಬೇಕು, ಇನ್ನೂ ಜೋರು ಮಾಡಿದ. ಹೂ, ಎಲೆ, ಕಾಂಡ ಎಲ್ಲ ಪುಡಿಯಾಗಿ ಅವನ ಮುಖಕ್ಕೆ, ಕುತ್ತಿಗೆಗೆ, ಬರಿಗೈಗೆ ಮೆತ್ತಿಕೊಂಡಿತು. ಬಿಳಿ ಅಂಗಿ ಹಸಿರಾಯಿತು. ಗಿರಾಕಿ ಚಪ್ಪಾಳೆ ಹೊಡೆದ. ಫೋಟೋದವನು ದೂರ ನಿಂತೇ ತೆಗೆದ, ಅವನಿಗೆ ಬುದ್ಧಿ ಇತ್ತು. ದಾರಿಯ ಆ ತುದಿ ಮುಟ್ಟುವ ತನಕ ಮ್ಯಾನೇಜರು ನಿಲ್ಲಲಿಲ್ಲ. ನಾನು ಸಾಮಾನಿನ ಕೋಣೆಯ ಹೊಸ್ತಿಲ ಮೇಲೆ ಕೂತು ಕಣ್ಣು ಮಿಟುಕಿಸದೆ ನೋಡಿದೆ. ಅಷ್ಟು ಸುಖದ ಬೆಳಗನ್ನು ನಾನು ಆ ಖಣಿಯಲ್ಲಿ ಮತ್ತೆ ಕಾಣಲಿಲ್ಲ.

"ತಪ್ಪ ಮಾಡಿದಿ ತಂಗಿ," ಎಂದರು ಮಿಸ್ತ್ರಿ, ಮಷೀನು ತೊಳೆಯುತ್ತಾ.

"ಗೊತ್ತೈತಿ," ಅಂದೆ.

ಮೂರನೆಯ ದಿನ ಅವನು ಬರಲಿಲ್ಲ. ಡ್ರೈವರನನ್ನು ಕೇಳಿದೆ. "ಮಾರಿ ಕುಂಬಳಕಾಯಿ ಆಗೇತಿ, ಕಣ್ಣ ತೆರಿಯಾಕ ಬರಂಗಿಲ್ಲ," ಅಂದ. ಅವನೇ, ಅಂದು ನಕ್ಕಿದ್ದ ಡ್ರೈವರ್. ಇಳಕಲ್ಲಿನ ದವಾಖಾನಿಯಲ್ಲಿ ಆಗದೆ ಬಾಗಲಕೋಟೆಗೆ ಒಯ್ದರು. ನಾನು ದಿನವೂ ಡ್ರೈವರನನ್ನು ಹಿಡಿದು ಕೇಳುತ್ತಿದ್ದೆ. ಪಾಪ ಎಂಬ ಮುಖ ಮಾಡಿಕೊಂಡು ಕೇಳುತ್ತಿದ್ದೆ. ಕುತ್ತಿಗೆಯಲ್ಲಿ ನೀರು ಒಸರುತ್ತದಂತೆ, ಹೌದಾ? ರಾತ್ರಿ ನಿದ್ದೆ ಇಲ್ಲವಂತೆ, ಹೌದಾ? ಕೈಗೆ ಬಟ್ಟೆ ಕಟ್ಟಿದ್ದಾರಂತೆ, ಕೆರೆಯಬಾರದೆಂದು? ಒಂದೊಂದು ಸುದ್ದಿಗೂ ನನ್ನ ಹೊಟ್ಟೆ ತಣ್ಣಗಾಗುತ್ತಿತ್ತು. ಆ ದಿನಗಳಲ್ಲಿ ಒಂದು ರೊಟ್ಟಿ ಹೆಚ್ಚೇ ತಿಂದೆ. ಪಶ್ಚಾತ್ತಾಪವಾಯಿತು ಎಂದು ಬರೆದರೆ ಸುಳ್ಳಾಗುತ್ತದೆ.

ಅಪ್ಪನಿಗೆ ಹೇಳಿದೆ. ಅವನು ಅಂಗಳದಲ್ಲಿ ಮರಿಯೊಂದರ ಗೊರಸು ಸವರುತ್ತಿದ್ದ. ನಾನು ಓಡೋಡಿ ಬಂದವಳ ಹಾಗೆ ಎಲ್ಲ ಹೇಳಿ ಮುಗಿಸಿದೆ. ಅವನು ಗೊರಸು ಬಿಡಲಿಲ್ಲ.

"ಯಾಕ ಹಿಂಗ ಮಾಡಿದಿ ಅಂತ ಅವಗ ಗೊತ್ತೈತೇನು?" ಅಂದ.

"ಇಲ್ಲ."

"ಕಂಬಳಿ ಸಲುವಾಗಿ ಅಂತ ಹೇಳಿಯೇನು?"

"ಇಲ್ಲ ಯಪ್ಪಾ."

"ಹಂಗಾರ ಅವಗ ಕಸ ಹತ್ತೇತಿ, ಅಷ್ಟ. ನಿನ್ನ ಸಿಟ್ಟು ಅವಗ ಮುಟ್ಟೇ ಇಲ್ಲ."

ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಈ ಮಾತು ನನ್ನ ಊಟ ಕಸಿಯಿತು. ಖರೆ ಅಲ್ಲವೇ? ಅವನ ಪಾಲಿಗೆ ಅದೊಂದು ಗಿಡದ ಕಾಟ. ನನ್ನ ಎಂಟು ವರ್ಷ ಅದರೊಳಗೆ ಎಲ್ಲಿಯೂ ಇರಲಿಲ್ಲ.

ಮ್ಯಾನೇಜರು ತಿಂಗಳ ಮೇಲೆ ಬಂದ. ಕೆನ್ನೆ, ಹಣೆ ಕಪ್ಪಿಟ್ಟು, ತೊಗಲು ದಪ್ಪಗಾಗಿ, ಆನೆಯ ಸೊಂಡಿಲಿನ ಹಾಗೆ ನಿರಿಗೆ ಬಿದ್ದಿತ್ತು. ಡಾಕ್ಟರು ಹೇಳಿದ್ದರಂತೆ, ಇನ್ನು ಈ ಕಸ ಹೂ ಬಿಟ್ಟಾಗಲೆಲ್ಲ ಇದು ಏಳುತ್ತದೆ, ಗಾಳಿಯಲ್ಲಿ ಬಂದರೂ ಏಳುತ್ತದೆ ಎಂದು. ಅದು ನನ್ನ ಲೆಕ್ಕದಲ್ಲಿ ಇರಲಿಲ್ಲ. ಎಂಟು ದಿನದ ಕೆರೆತ ಕೊಟ್ಟಿದ್ದೇನೆ ಎಂದುಕೊಂಡಿದ್ದೆ, ಕೊಟ್ಟದ್ದು ಜೀವಮಾನದ್ದು. ಅದನ್ನು ಕೇಳಿದಾಗ ಒಂದು ಗಳಿಗೆ ಎದೆ ಝಲ್ಲೆಂದಿತು. ಒಂದೇ ಗಳಿಗೆ.

ಮರುವರ್ಷ ಮೊದಲ ಮಳೆ ಬಿದ್ದು ಕಸ ಚಿಗುರುತ್ತಲೇ ಅವನು ಮುಖಕ್ಕೆ ಟಾವೆಲ್ ಸುತ್ತಿಕೊಂಡು ಸಾಮಾನಿನ ಕೋಣೆಗೆ ಬಂದ. ದನಿ ಮೆತ್ತಗಾಗಿತ್ತು.

"ತಂಗಿ, ಈ ಸಲಾ ಹೂ ಬಿಡೂಕ್ಕಿಂತ ಮೊದ್ಲ ಎಲ್ಲಾ ತಗಸ್ಬೇಕು ನೋಡು. ಯಾವುದು ಹಾಕ್ತಿ?"

"ಮೂರೆಸಳಿಂದು."

"ದಾರದ್ದ ಯಾಕ ಬ್ಯಾಡ?"

"ಅದು ಬಡಿತೈತ್ರಿ. ರಸ ಸಿಡಿತೈತಿ."

ಅವನು ಹೊರಟವನು ನಿಂತ. ಟಾವೆಲಿನ ಸಂದಿಯಿಂದ ಎರಡು ಕಣ್ಣು ನನ್ನನ್ನು ನೋಡಿದವು.

"ಹ್ವಾದ ವರ್ಷ ನಿನಗಿದು ಗೊತ್ತಿತ್ತೇನು?"

ಸುಳ್ಳು ಹೇಳಬಹುದಿತ್ತು. ಆದರೆ ಈ ಪ್ರಶ್ನೆಗೇ ನಾನು ಒಂದು ವರ್ಷ ಕಾದಿದ್ದೆ.

"ಗೊತ್ತಿತ್ರಿ," ಅಂದೆ.

"ಮತ್ತ ಯಾಕ ಕೊಟ್ಟಿ?"

ಹೇಳಿದೆ. ಸಿಕ್ಕ ಜೀಪು, ಅಪ್ಪ ಕೊಟ್ಟ ಹೆಗಲು, ಬಂಡೆಯ ಮೇಲೆ ಹಾಸಿದ ಕಂಬಳಿ, ಅವನ ಕೈ, ಅವನ ಬೂಟು, ಅವನ ಮಾತು. ಒಂದು ಅಕ್ಷರ ಬಿಡದೆ ಹೇಳಿದೆ. ಹೇಳುತ್ತಾ ಹೇಳುತ್ತಾ ನನ್ನ ದನಿ ಏರಿತು, ಹೊರಗೆ ಮಿಸ್ತ್ರಿ ಎದ್ದು ನಿಂತದ್ದು ಕಾಣಿಸಿತು. ಅವನು ಇಲ್ಲ ಅನ್ನುತ್ತಾನೆ, ಕೂಗಾಡುತ್ತಾನೆ ಎಂದು ಕಾದೆ.

"ಯಾವ ಕಂಬಳಿ?" ಅಂದ.

ಖರೆಯಾಗಿಯೇ ನೆನಪು ಮಾಡಿಕೊಳ್ಳುತ್ತಿದ್ದ. ಹಣೆಯ ದಪ್ಪ ತೊಗಲು ಗಂಟಿಕ್ಕಿತು. "ಇರಬಹುದು. ನನಗ ನೆನಪಿಲ್ಲ," ಅಂದ. ಆಮೇಲೆ ನಿಧಾನಕ್ಕೆ ಟಾವೆಲ್ ತೆಗೆದು ತನ್ನ ಮುಖ ತೋರಿಸಿದ. "ಒಂದ ಕಂಬಳಿ ಸಲುವಾಗಿ ಇದನ್ನ ಮಾಡಿದಿ?"

"ನಿಮಗ ಒಂದ ಕಂಬಳಿ. ನಮ್ಮ ಮನ್ಯಾಗ ಅದು ದೇವರ ಗದ್ದಿಗಿ ಇತ್ರಿ."

ಅವನು ಟಾವೆಲನ್ನು ಮತ್ತೆ ಮುಖಕ್ಕೆ ಸುತ್ತಿಕೊಂಡ. ಪೊಲೀಸರನ್ನು ಕರೆಸುತ್ತಾನೇನೋ ಎಂದುಕೊಂಡೆ. ಕಸ ಕಡಿಯಲು ತಪ್ಪು ತಲೆ ಕೊಟ್ಟಳು ಎಂದು ಯಾರ ಮುಂದೆ ಹೇಳಿಕೊಳ್ಳಬೇಕು ಅವನಾದರೂ?

"ಕೀಲಿ ಇಟ್ಟು ಹೋಗು," ಅಂದ.

ಕೀಲಿ ಮೇಜಿನ ಮೇಲಿಟ್ಟೆ. ಮಿಸ್ತ್ರಿ ನನ್ನನ್ನು ಗೇಟಿನ ತನಕ ಕಳಿಸಲು ಬಂದರು. ಇನ್ನು ತಲೆ ಯಾರು ಆರಿಸುತ್ತಾರೆ ಎಂದು ಕೇಳಿದರು. ಕಾಂಗ್ರೆಸ್ಸಿಗೆ ಮೂರೆಸಳು ಮರೆಯಬೇಡಿ ಎಂದು ನಾನು ಮತ್ತೊಮ್ಮೆ ಹೇಳಿ ಬಂದೆ. ಅವರ ಮೇಲೆ ನನಗೇನೂ ಸೇಡು ಇರಲಿಲ್ಲ.

ಮನೆಗೆ ಬಂದು ಅಪ್ಪನಿಗೆ, "ಹೇಳಿ ಬಂದೆ," ಅಂದೆ.

"ಏನಂದ?"

"ನೆನಪಿಲ್ಲ ಅಂದ."

ಅಪ್ಪ ಕುರಿಗಳನ್ನು ಹಟ್ಟಿಯೊಳಗೆ ಹೊಡೆದ. "ಇನ್ನ ಅಂವ ಮರಿಯಂಗಿಲ್ಲ ಬಿಡು," ಅಂದ. ನನಗೆ ಮೈ ಹಗುರವಾಯಿತು. ಅವನಿಗೂ ಆಯಿತೋ ಇಲ್ಲವೋ ಗೊತ್ತಿಲ್ಲ. ಗ್ರೀಸಿನ ಕಲೆ ಕಲೆಯಾಗಿಯೇ ಉಳಿಯಿತು. ನನ್ನ ಕೆಲಸ ಹೋದದ್ದಕ್ಕೆ ಅವ್ವ ಮಾತ್ರ ಎರಡು ದಿನ ಮಾತು ಬಿಟ್ಟಳು.

ಆಮೇಲೆ ಹುನಗುಂದದ ಒಂದು ಸಾಲಿಯಲ್ಲಿ ಗಂಟೆ ಹೊಡೆಯುವ, ಅಂಗಳ ಹಸನು ಮಾಡುವ ಕೆಲಸ ಸಿಕ್ಕಿತು. ಎಂಬತ್ತರ ದಶಕದ ಕೊನೆಯ ಒಂದು ಶ್ರಾವಣದಲ್ಲಿ, ಬಾದಾಮಿಯಲ್ಲಿ ನೆಂಟರನ್ನು ನೋಡಿಕೊಂಡು ಬಾಗಲಕೋಟೆಗೆ ಬಂದು ಹುನಗುಂದದ ಬಸ್ಸು ಹತ್ತಿದ್ದೆ. ಕಿಟಕಿಯ ಹತ್ತಿರ ಕೂತಿದ್ದೆ, ಪಕ್ಕದ ಜಾಗ ಖಾಲಿ ಇತ್ತು. ಬಸ್ಸು ಹೊರಡುವಾಗ ಮುಖಕ್ಕೆ ಟಾವೆಲ್ ಸುತ್ತಿದ ಒಬ್ಬ ಓಡಿ ಬಂದು ಹತ್ತಿದ. ಬೇರೆಲ್ಲಿಯೂ ಜಾಗ ಇರಲಿಲ್ಲ. ಕಂಡಕ್ಟರು, "ಅಲ್ಲಿ ಐತಲ್ರಿ, ಕುಂದರ್ರಿ," ಎಂದು ನನ್ನ ಪಕ್ಕ ತೋರಿಸಿದ.

ಅವನು ಎರಡು ಹೆಜ್ಜೆ ಬಂದು ನನ್ನ ಮುಖ ನೋಡಿದ. ಅಲ್ಲಿಯೇ ನಿಂತ.

"ಇರ್ಲಿ, ನಿಂದರ್ತೇನಿ," ಅಂದ.

ರಸ್ತೆಯ ಎರಡೂ ಬದಿಗೆ ಕಾಂಗ್ರೆಸ್ ಕಸ ಹೂ ಬಿಟ್ಟು ನಿಂತಿತ್ತು. ಕಿಟಕಿಯಿಂದ ಗಾಳಿ ಒಳಗೆ ಬರುತ್ತಿತ್ತು. ಅವನು ಟಾವೆಲನ್ನು ಇನ್ನೂ ಬಿಗಿಯಾಗಿ ಎಳೆದುಕೊಂಡು, ಕಂಬಿ ಹಿಡಿದು ಜೋಲಿ ಹೊಡೆಯುತ್ತಾ ನಿಂತೇ ಇದ್ದ. ನಾನು ಕಿಟಕಿ ಮುಚ್ಚಲಿಲ್ಲ, ಕೂಡಿ ಎಂದು ಕರೆಯಲೂ ಇಲ್ಲ. ಅಮೀನಗಡದಲ್ಲಿ ಅವನು ಇಳಿದು ಹೋದ. ಕರದಂಟಿನ ಪೊಟ್ಟಣ ಹಿಡಿದ ಒಬ್ಬ ಮುದುಕಿ ಹತ್ತಿ ಪಕ್ಕದಲ್ಲಿ ಕೂತಳು.